ಗಿಟಾರ್ ನುಡಿಸುವ ಕೈಗೆ ಉಗುರು ಎಷ್ಟಿರಬೇಕು?

ಗಿಟಾರ್ ಕಲಿಯಲು ಬಂದವರ ಕೈಯನ್ನು ಮೊದಲು ನೋಡುತ್ತೇನೆ, ವಾದ್ಯವನ್ನು ಆಮೇಲೆ. ನಲವತ್ತು ವರ್ಷದ ಅಭ್ಯಾಸ ಇದು. ಹಿಂದೊಮ್ಮೆ ಒಬ್ಬ ಹುಡುಗಿ ಬಂದಿದ್ದಳು. ಬೆರಳುಗಳ ಓಟ ಚೆನ್ನಾಗಿತ್ತು, ತಾಳ ತಪ್ಪುತ್ತಿರಲಿಲ್ಲ, ಆದರೆ ಪ್ರತಿ ಸ್ವರದ ಮುಂದೆ ‘ಚರ್’ ಎಂಬ ಒಂದು ಸದ್ದು. ಮೊದಲು ತಂತಿ ಬದಲಿಸಿದ್ದಳು, ಆಮೇಲೆ ಗಿಟಾರನ್ನೇ ಬದಲಿಸಿದ್ದಳು, ಸದ್ದು ಮಾತ್ರ ಹೋಗಿರಲಿಲ್ಲ. ಅವಳ ಬಲಗೈಯನ್ನು ದೀಪದ ಹತ್ತಿರ ಹಿಡಿದು ನೋಡಿದೆ. ಮಧ್ಯದ ಬೆರಳಿನ ಉಗುರಿನ ಅಂಚಿನಲ್ಲಿ ಗರಗಸದ ಹಲ್ಲಿನಂತೆ ಸಣ್ಣ ಸಣ್ಣ ತರಿಗಳು. ನೇಲ್ ಕಟರ್‌ನಿಂದ ಕತ್ತರಿಸಿ ಹಾಗೆಯೇ ಬಿಟ್ಟಿದ್ದಳು. ಹತ್ತು ನಿಮಿಷ ಕುಳಿತು ಆ ಅಂಚನ್ನು ಉಜ್ಜಿ ನಯ ಮಾಡಿದ ಮೇಲೆ ಅದೇ ಬೆರಳು, ಅದೇ ತಂತಿ ತುಂಬುದನಿಯಲ್ಲಿ ನುಡಿಯಿತು. ಉಗುರು ಎಷ್ಟು ಉದ್ದವಿರಬೇಕು ಎಂದು ಎಲ್ಲರೂ ಕೇಳುತ್ತಾರೆ, ಅಂಚು ಹೇಗಿರಬೇಕು ಎಂದು ಕೇಳುವವರು ಅಪರೂಪ. ಆದ್ದರಿಂದ ಉದ್ದದ ಮಾತನ್ನು ಮೊದಲು ಹೇಳಿಬಿಡುತ್ತೇನೆ, ಅಂಚಿನ ಬಳಿ ನಿಧಾನವಾಗಿ ಕೂರೋಣ.

ತಂತಿ ಒತ್ತುವ ಎಡಗೈಯ ಉಗುರು ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು. (ಎಡಗೈಯಿಂದ ಮೀಟುವವರು ನಾನು ಹೇಳುವುದನ್ನೆಲ್ಲ ಅದಲುಬದಲು ಮಾಡಿಕೊಂಡು ಓದಿಕೊಳ್ಳಬೇಕು.) ಬೆರಳನ್ನು ಮೇಜಿನ ಮೇಲೆ ನೆಟ್ಟಗೆ ಊರಿ ನೋಡಿ. ‘ಟಿಕ್’ ಎಂದು ಉಗುರು ಮೊದಲು ತಗುಲಿದರೆ ಅದು ಉದ್ದವಾಗಿದೆ ಎಂದೇ ಅರ್ಥ. ಅಂಥ ಉಗುರು ಬೆರಳನ್ನು ನೇರವಾಗಿ ಇಳಿಯಲು ಬಿಡುವುದಿಲ್ಲ, ಬೆರಳು ವಾಲುತ್ತದೆ, ಪಕ್ಕದ ತಂತಿಗೆ ತಾಗುತ್ತದೆ, ಸ್ವರ ಸತ್ತುಹೋಗುತ್ತದೆ. ಹಾಗೆಂದು ಮಾಂಸ ಕಾಣುವಷ್ಟು ಒತ್ತಿ ಕತ್ತರಿಸಬೇಡಿ. ನೂಲಿನೆಳೆಯಷ್ಟು ಬಿಳಿ ಉಳಿಸಿ, ಉಳಿದದ್ದನ್ನು ಅರದಿಂದ ಉಜ್ಜಿ ಇಳಿಸಿ. ಮೂಲೆಗಳನ್ನು ಆಳಕ್ಕೆ ಕೆತ್ತಿದರೆ ಉಗುರುಸುತ್ತು ಬರುತ್ತದೆ, ಒಮ್ಮೆ ಬಂದರೆ ವಾರಗಟ್ಟಲೆ ಗಿಟಾರ್ ಮುಟ್ಟಲಾಗುವುದಿಲ್ಲ. ಇನ್ನೊಂದು ಮಾತು: ಸ್ನಾನ ಮಾಡಿದ ಕೂಡಲೇ ಅಭ್ಯಾಸಕ್ಕೆ ಕೂರಬೇಡಿ. ತಿಂಗಳುಗಟ್ಟಲೆ ನುಡಿಸಿ ಗಟ್ಟಿಯಾದ ಬೆರಳ ತುದಿಯ ಚರ್ಮ ಆಗ ನೆನೆದು ಮೆತ್ತಗಿರುತ್ತದೆ, ತಂತಿ ಅದರೊಳಗೆ ಕೊರೆಯುತ್ತದೆ. ಅರ್ಧ ಗಂಟೆ ಒಣಗಲು ಬಿಡಿ.

ಇನ್ನು ಮೀಟುವ ಕೈ. ಅಂಗೈ ನಿಮ್ಮ ಕಡೆಗೆ ಇರುವಂತೆ ಬೆರಳುಗಳನ್ನು ಕಣ್ಣಿನ ಎತ್ತರಕ್ಕೆ ಹಿಡಿದುಕೊಳ್ಳಿ. ಬೆರಳ ತುದಿಯ ಮಾಂಸದ ಮೇಲೆ ಉಗುರು ಬೆಳ್ಳಗಿನ ಗೆರೆಯಾಗಿ ಇಣುಕಬೇಕು. ನೈಲಾನ್ ತಂತಿಯ ಗಿಟಾರ್ ನುಡಿಸುವವರಿಗೆ ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳುಗಳಲ್ಲಿ ಒಂದರಿಂದ ಎರಡು ಮಿಲಿಮೀಟರ್ ಸಾಕು. ಹೆಬ್ಬೆರಳಿಗೆ ಸ್ವಲ್ಪ ಹೆಚ್ಚಿರಲಿ, ಎರಡು ಮೂರು ಮಿಲಿಮೀಟರ್. ಈ ಅಳತೆ ನನ್ನ ಇಷ್ಟದ್ದಲ್ಲ. ಒಳ್ಳೆಯ ನಾದ ಬರಬೇಕಾದರೆ ತಂತಿಗೆ ಮೊದಲು ಬೆರಳಿನ ಮಾಂಸ ತಾಗಿ, ಅಲ್ಲಿಂದ ತಂತಿ ಜಾರಿ ಉಗುರಿನ ಮೇಲೆ ಹಾದು ಬಿಡುಗಡೆಯಾಗಬೇಕು. ಮಾಂಸ ನಾದಕ್ಕೆ ಮೈ ಕೊಡುತ್ತದೆ, ಉಗುರು ಸ್ಪಷ್ಟತೆ ಕೊಡುತ್ತದೆ. ಉಗುರು ತೀರ ಉದ್ದವಾದರೆ ಮಾಂಸ ತಂತಿಯನ್ನು ಮುಟ್ಟುವುದೇ ಇಲ್ಲ, ನಾದ ತೆಳ್ಳಗಾಗಿ ತಗಡು ಬಡಿದಂತೆ ಕೇಳುತ್ತದೆ. ತೀರ ಚಿಕ್ಕದಾದರೆ ಉಗುರು ಒಮ್ಮೆ ತಾಗುತ್ತದೆ, ಒಮ್ಮೆ ತಾಗುವುದಿಲ್ಲ, ಒಂದು ಸ್ವರ ಹೊಳೆದರೆ ಮುಂದಿನದು ಮಂಕು. ಬೆರಳನ್ನು ತಂತಿಯ ಮೇಲಿಟ್ಟಾಗ ಮಾಂಸ ಮತ್ತು ಉಗುರು ಎರಡೂ ಒಟ್ಟಿಗೆ ತಂತಿಯನ್ನು ಮುಟ್ಟುತ್ತಿವೆಯೇ ಎಂದು ನೋಡಿಕೊಳ್ಳಿ. ಮುಟ್ಟುತ್ತಿದ್ದರೆ ನಿಮ್ಮ ಉದ್ದ ಅದೇ. ಅನುಮಾನ ಬಂದರೆ ಚಿಕ್ಕದರ ಕಡೆಗೇ ಹೋಗಿ. ನನ್ನಲ್ಲಿಗೆ ಬಂದವರಲ್ಲಿ ಉಗುರು ಉದ್ದವಾಗಿ ಕಷ್ಟಪಟ್ಟವರೇ ಹೆಚ್ಚು.

ಉಗುರೇ ಬೇಡ ಎನ್ನುವ ದಾರಿಯೂ ಇದೆ, ಅದನ್ನು ಕೀಳಾಗಿ ಕಾಣಬೇಡಿ. ಹತ್ತೊಂಬತ್ತನೆಯ ಶತಮಾನದ ಇಬ್ಬರು ದೊಡ್ಡ ಸ್ಪ್ಯಾನಿಷ್ ಗಿಟಾರ್ ವಾದಕರು ಫೆರ್ನಾಂಡೊ ಸೋರ್ ಮತ್ತು ಡಿಯೊನಿಸಿಯೊ ಅಗ್ವಾಡೊ ಸ್ನೇಹಿತರಾಗಿದ್ದರು. ಸೋರ್ ಬೆರಳ ಮಾಂಸದಿಂದ ಮೀಟುತ್ತಿದ್ದರು, ಅಗ್ವಾಡೊ ಉಗುರಿನಿಂದ. ಫ್ರಾನ್ಸಿಸ್ಕೊ ತಾರೆಗಾ ಕೊನೆಯ ವರ್ಷಗಳಲ್ಲಿ ಉಗುರಿನ ಬಳಕೆ ನಿಲ್ಲಿಸಿ ಬರಿ ಬೆರಳಿನಿಂದ ನುಡಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಆಂದ್ರೆಸ್ ಸೆಗೋವಿಯಾ ಉಗುರು ಮತ್ತು ಮಾಂಸ ಎರಡನ್ನೂ ಸೇರಿಸಿ ನುಡಿಸಿದ ರೀತಿ ಜಗತ್ತಿನ ತುಂಬ ಹಬ್ಬಿತು. ಹುಟ್ಟಿನಿಂದಲೇ ಕಾಗದದಂಥ ಉಗುರು ಇರುವವರು ಅದರೊಂದಿಗೆ ಗುದ್ದಾಡಿ ಬೇಸರಪಡುವ ಬದಲು ಆರು ತಿಂಗಳು ಬರಿ ಬೆರಳಿನಿಂದ ನುಡಿಸಿ ನೋಡಲಿ. ದನಿ ಸಣ್ಣದಾದರೂ ಬೆಚ್ಚಗಿರುತ್ತದೆ.

ಈಗ ಅಂಚಿನ ಮಾತು. ‘ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ’ ಎನ್ನುತ್ತೇವಲ್ಲ, ಮೀಟುವ ಕೈಯ ಉಗುರಿಗೆ ನೇಲ್ ಕಟರ್ ಎನ್ನುವುದು ನಿಜಕ್ಕೂ ಕೊಡಲಿಯೇ. ಅದರ ಎರಡು ಬಾಯಿಗಳು ಉಗುರನ್ನು ಎರಡು ಕಡೆಯಿಂದ ಹಿಸುಕಿ ಮುರಿಯುತ್ತವೆ, ಅಂಚಿನಲ್ಲಿ ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ, ಮುಂದೆ ಉಗುರು ಸೀಳುವುದು ಅಲ್ಲಿಂದಲೇ. ಆದ್ದರಿಂದ ಬಲಗೈಯ ಉಗುರನ್ನು ಕತ್ತರಿಸಲೇಬೇಡಿ, ಅರದಿಂದ ಉಜ್ಜಿಯೇ ಇಳಿಸಿ. ಒರಟು ಲೋಹದ ಅರ ಬೇಡ, ಗಾಜಿನ ಅರ ಒಳ್ಳೆಯದು, ನೀರಿನಲ್ಲಿ ತೊಳೆದರೆ ಮತ್ತೆ ಹೊಸದರಂತೆ ಆಗುತ್ತದೆ. ಉಗುರು ಪೂರ್ತಿ ಒಣಗಿರುವಾಗ ಉಜ್ಜಿ, ನೆನೆದ ಉಗುರಿನ ಅಂಚು ನಾರು ನಾರಾಗಿ ಏಳುತ್ತದೆ. ಹಿಂದೆ ಮುಂದೆ ಗರಗಸದಂತೆ ಎಳೆಯದೆ ಒಂದೇ ದಿಕ್ಕಿನಲ್ಲಿ ಹಗುರವಾಗಿ ಎಳೆಯಿರಿ.

ಆಕಾರಕ್ಕೆ ನಿಮ್ಮ ಬೆರಳ ತುದಿಯೇ ಅಚ್ಚು. ಮಾಂಸದ ದುಂಡಗಿನ ಗೆರೆಯನ್ನೇ ಉಗುರೂ ಹಿಂಬಾಲಿಸಲಿ. ಆದರೆ ತಂತಿ ಸಾಮಾನ್ಯವಾಗಿ ಉಗುರಿನ ಹೆಬ್ಬೆರಳ ಕಡೆಯ ಬದಿಯಲ್ಲಿ ಸಿಕ್ಕಿ, ನಡುವಿನವರೆಗೆ ಜಾರಿ, ಅಲ್ಲಿಂದ ಹಾರುತ್ತದೆ. ಆ ಬದಿಯಲ್ಲಿ ಉಗುರು ತಗ್ಗಾಗಿ ಶುರುವಾಗಿ ನಡುವಿನ ಕಡೆಗೆ ಮೆಲ್ಲನೆ ಏರಬೇಕು, ಗಾಡಿ ಹತ್ತಿಸುವ ಇಳಿಜಾರಿನ ಹಾಗೆ. ದಾರಿಯಲ್ಲಿ ಒಂದು ಮೂಲೆ ಇದ್ದರೂ ತಂತಿ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲರ ಉಗುರೂ ಒಂದೇ ಬಗೆಯಲ್ಲ ಎನ್ನುವುದೂ ನೆನಪಿರಲಿ. ಗಿಳಿಯ ಕೊಕ್ಕಿನಂತೆ ಕೆಳಗೆ ಬಾಗುವ ಉಗುರಿನವರು ದುಂಡಗೆ ಮಾಡಲು ಹೋಗಬಾರದು, ಮೀಟುವಾಗ ಕೊಕ್ಕು ತಂತಿಗೆ ಕೊಕ್ಕೆಯಾಗುತ್ತದೆ. ಅವರು ಉಗುರನ್ನು ಚಿಕ್ಕದಾಗಿಟ್ಟು, ತುದಿಯನ್ನು ಹೆಚ್ಚುಕಡಿಮೆ ನೇರವಾಗಿ ಉಜ್ಜಿಕೊಂಡರೆ ತಂತಿ ಸಲೀಸಾಗಿ ಜಾರುತ್ತದೆ.

ಆಕಾರ ಬಂದ ಮೇಲೆ ನಯಗೊಳಿಸುವ ಕೆಲಸ ಶುರು, ಬಹಳ ಜನ ನಿಲ್ಲಿಸಿಬಿಡುವುದೂ ಇಲ್ಲಿಯೇ. ಎಮರಿ ಕಾಗದ ನಂಬರಿನ ಮೇಲೆ ಸಿಗುತ್ತದೆ, ನಂಬರು ಹೆಚ್ಚಿದಷ್ಟೂ ನಯ. 400ರಿಂದ ತೊಡಗಿ 1000, ಆಮೇಲೆ 2000ಕ್ಕೆ ಹೋಗಿ. ಉಗುರಿನ ತುದಿಯಷ್ಟೇ ಅಲ್ಲ, ಅದರ ಒಳಮೈಯ ಅಂಚನ್ನೂ ಉಜ್ಜಬೇಕು. ತಂತಿ ಹಾದುಹೋಗುವುದು ಅಲ್ಲಿ. ನನಗೆ ತುಂಬ ಉಪಕಾರ ಮಾಡಿದ ಒಂದು ಉಪಾಯ ಹೇಳುತ್ತೇನೆ. 2000 ನಂಬರಿನ ಕಾಗದದಿಂದ ಬೆರಳಗಲದ ಒಂದು ತುಂಡು ಹರಿದು, ಉಜ್ಜುವ ಮೈ ಹೊರಗಿರುವಂತೆ ನಡುವೆ ಮಡಿಸಿ, ಮೊದಲನೆಯ ತಂತಿಯ ಮೇಲೆ ಬಟ್ಟೆ ಒಣಗಹಾಕಿದಂತೆ ಹಾಕಿ. ಎಡಗೈಯಿಂದ ಕಾಗದವನ್ನು ಹಿಡಿದುಕೊಂಡು ಬಲಗೈಯಿಂದ ಎಂದಿನಂತೆಯೇ ಮೀಟಿ, ತೀರ ನಿಧಾನವಾಗಿ, ಬೆರಳಿಗೆ ಹತ್ತೋ ಹದಿನೈದೋ ಸಲ. ನಿಮ್ಮ ಬೆರಳು ಯಾವ ಕೋನದಲ್ಲಿ ತಂತಿಯನ್ನು ಸವರುತ್ತದೆಯೋ ಉಗುರು ಅದೇ ಕೋನದಲ್ಲಿ ನಯವಾಗುತ್ತದೆ. ಕಾಗದದ ಮೇಲೆ ಬೂದಿಯಂಥ ಬಿಳಿ ಗೆರೆ ಮೂಡುತ್ತದೆ. ಮೊದಲ ಎಳೆತದಲ್ಲಿ ಎಲ್ಲೋ ತಡೆದಂತಾಗುತ್ತಿದ್ದುದು ಹತ್ತನೆಯ ಎಳೆತಕ್ಕೆ ಇರುವುದಿಲ್ಲ. ಕೊನೆಗೆ ಚರ್ಮದ ತುಂಡಿಗೋ ಒರಟು ಹತ್ತಿ ಬಟ್ಟೆಗೋ ಉಗುರನ್ನು ಉಜ್ಜಿಕೊಳ್ಳಿ. ಪರೀಕ್ಷೆಗೆ ಒಂದು ರೇಷ್ಮೆ ಬಟ್ಟೆ ಸಾಕು: ಅಂಚನ್ನು ಅದರ ಮೇಲೆ ಎಳೆದಾಗ ಒಂದು ಎಳೆಯೂ ಸಿಕ್ಕಿಕೊಳ್ಳಬಾರದು.

ಇಷ್ಟು ಮಾಡಿದ ಉಗುರು ಮನೆಕೆಲಸದಲ್ಲಿ ಹಾಳಾಗುತ್ತದೆ. ಗಿಟಾರಿನಿಂದ ಮುರಿದ ಉಗುರು ನನಗೆ ನೆನಪಿರುವಂತೆ ಒಂದೆರಡು, ಮನೆಯಲ್ಲಿ ಮುರಿದದ್ದಕ್ಕೆ ಲೆಕ್ಕವಿಲ್ಲ. ಒಂದು ಕಛೇರಿಯ ಹಿಂದಿನ ರಾತ್ರಿ ಬಿಗಿಯಾದ ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ಎಬ್ಬಲು ಹೋಗಿ ಉಂಗುರ ಬೆರಳಿನ ಉಗುರನ್ನು ಅಡ್ಡಡ್ಡ ಸೀಳಿಕೊಂಡೆ. ಅಂದಿನಿಂದ ಮುಚ್ಚಳಕ್ಕೆ ಚಮಚದ ಹಿಡಿ, ಅಂಟುಪಟ್ಟಿ ಕೀಳಲು ಚಾಕುವಿನ ತುದಿ, ಬೀಗದ ಕೈ ಗೊಂಚಲಿನ ಬಳೆ ಬಿಡಿಸಲು ನಾಣ್ಯ. ಸ್ವಿಚ್ ಒತ್ತುವಾಗ ಬೆರಳಿನ ಗೆಣ್ಣು. ಜೇಬಿಗೆ, ಚೀಲಕ್ಕೆ ಕೈ ಹಾಕುವಾಗ ಬೆರಳು ಮಡಿಸಿ. ಒಂದು ತಿಂಗಳು ನೆನಪಿಟ್ಟುಕೊಂಡು ಮಾಡಿದರೆ ಆಮೇಲೆ ಕೈ ತಾನಾಗಿ ಹಾಗೆಯೇ ನಡೆಯುತ್ತದೆ.

ನೀರು ಇನ್ನೊಂದು ಶತ್ರು. ಉಗುರು ಗಟ್ಟಿಯಾಗಿ ಕಂಡರೂ ನೀರು ಕುಡಿಯುತ್ತದೆ. ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ, ದಿನಕ್ಕೆ ಹತ್ತು ಸಲ ಹೀಗಾದರೆ ತುದಿಯಲ್ಲಿ ಪದರ ಪದರವಾಗಿ ಬಿಡುತ್ತದೆ. ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ರಬ್ಬರ್ ಕೈಗವಸು ಹಾಕಿಕೊಳ್ಳಿ. ಒಳಗೆ ತೆಳುವಾದ ಹತ್ತಿಯ ಗವಸಿದ್ದರೆ ಬೆವರೂ ತಾಗುವುದಿಲ್ಲ. ರಾತ್ರಿ ಮಲಗುವಾಗ ಉಗುರಿನ ಬುಡಕ್ಕೆ, ಸುತ್ತಲಿನ ಚರ್ಮಕ್ಕೆ, ತುದಿಯ ಒಳಭಾಗಕ್ಕೆ ಒಂದೊಂದು ಹನಿ ಎಣ್ಣೆ ಸವರಿ ತಿಕ್ಕಿ. ಬಾದಾಮಿ ಎಣ್ಣೆ, ಜೊಜೊಬಾ ಎಣ್ಣೆ ಯಾವುದಾದರೂ ಸರಿ. ನುಡಿಸುವ ಮುನ್ನ ಮಾತ್ರ ಹಚ್ಚಬೇಡಿ, ತಂತಿಗೆ ಜಿಡ್ಡು ಹತ್ತುತ್ತದೆ. ಬಣ್ಣ ತೆಗೆಯುವ ಅಸಿಟೋನ್ ಉಗುರನ್ನು ಒಣಗಿಸುತ್ತದೆ. ಉಗುರು ಗಟ್ಟಿ ಮಾಡುತ್ತೇವೆಂದು ಹೇಳುವ, ಫಾರ್ಮಾಲ್ಡಿಹೈಡ್ ಇರುವ ದ್ರವಗಳನ್ನೂ ದಿನಗಟ್ಟಲೆ ಬಳಸಬೇಡಿ, ಮೊದಲು ಗಟ್ಟಿಯಾದ ಉಗುರು ಆಮೇಲೆ ಬಳಪದಂತೆ ಪುಡಿಯಾಗುತ್ತದೆ.

ಎಷ್ಟು ಜೋಪಾನ ಮಾಡಿದರೂ ಒಂದು ದಿನ ಮುರಿಯುತ್ತದೆ. ಸಣ್ಣ ಸೀಳಾದರೆ ಅಂಗೈಯಗಲದ ತೆಳು ರೇಷ್ಮೆಯಿಂದ ಒಂದು ಚೂರು ಕತ್ತರಿಸಿ, ಸೀಳಿನ ಮೇಲಿಟ್ಟು, ಸೂಪರ್ ಗ್ಲೂ ಒಂದೇ ಹನಿ ಹಾಕಿ. ಒಣಗಿದ ಮೇಲೆ ನಯವಾಗಿ ಉಜ್ಜಿಕೊಂಡರೆ ಹೊಸ ಉಗುರು ಬರುವವರೆಗೆ ತಾಳುತ್ತದೆ. ಪೂರ್ತಿ ಮುರಿದರೆ ಟೇಬಲ್ ಟೆನಿಸ್ ಚೆಂಡಿನಿಂದ ಉಗುರಿನಾಕಾರದ ತುಂಡು ಕತ್ತರಿಸಿ ಅಂಟಿಸಿಕೊಳ್ಳುವುದು ಗಿಟಾರ್ ವಾದಕರ ಹಳೆಯ ಉಪಾಯ, ಆ ಚೆಂಡಿನ ಬಾಗು ಉಗುರಿನ ಬಾಗಿಗೆ ಹೊಂದುತ್ತದೆ. ಆದರೆ ಎಚ್ಚರಿಕೆ: ಸೂಪರ್ ಗ್ಲೂ ಹತ್ತಿಗೆ ತಾಗಿದರೆ ಸುಡುವಷ್ಟು ಬಿಸಿಯಾಗುತ್ತದೆ. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬೇಡಿ, ಹತ್ತಿಯ ಗವಸು ಹಾಕಿಕೊಂಡು ಅದನ್ನು ಮುಟ್ಟಲೂಬೇಡಿ, ಕಿಟಕಿ ತೆರೆದಿಡಿ, ಮಾಂಸ ಕಾಣುವ ಗಾಯದ ಮೇಲೆ ಹಾಕಬೇಡಿ. ಒಂದು ಉಗುರು ಮುರಿದಾಗ ಉಳಿದ ಎರಡನ್ನೂ ಸ್ವಲ್ಪ ಇಳಿಸಿಕೊಳ್ಳಿ, ಮೂರು ಬೆರಳಿಗೆ ಮೂರು ದನಿ ಬರುವುದಕ್ಕಿಂತ ಅದು ಮೇಲು.

ಉಕ್ಕಿನ ತಂತಿ ನುಡಿಸುವವರ ಕಥೆ ಬೇರೆ. ಉಕ್ಕು ಸ್ವಂತ ಉಗುರನ್ನು ಅರದಂತೆ ತಿನ್ನುತ್ತದೆ. ಅವರು ಪಿಕ್ (ತಂತಿ ಮೀಟಲು ಬೆರಳಲ್ಲಿ ಹಿಡಿಯುವ ಚಪ್ಪಟೆ ತುಂಡು) ಹಿಡಿಯುತ್ತಾರೆ, ಇಲ್ಲವೇ ಅಕ್ರಿಲಿಕ್ ಅಥವಾ ಜೆಲ್ ಉಗುರು ಹಾಕಿಸಿಕೊಳ್ಳುತ್ತಾರೆ. ಹಾಕಿಸಿಕೊಂಡದ್ದನ್ನು ಕಿತ್ತು ತೆಗೆಯುವುದು ಮಾತ್ರ ಬೇಡ, ಅದರ ಜೊತೆ ಉಗುರಿನ ಪದರವೂ ಬರುತ್ತದೆ. ಸುತ್ತಲಿನ ಚರ್ಮ ಕೆಂಪಾಗಿ ತುರಿಸಿದರೆ ಅಲರ್ಜಿ ಇರಬಹುದು, ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಕಂಡರೂ, ಉಗುರು ಬುಡದಿಂದ ಬಿಟ್ಟುಕೊಂಡರೂ ಮನೆಮದ್ದು ಹುಡುಕುತ್ತ ಕೂರಬೇಡಿ.

ಕೈಯ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಗೆ ಬರಲು ಆರು ತಿಂಗಳು ಬೇಕು. ಹಾಗಾಗಿ ಇಂದು ಬುಡಕ್ಕೆ ಬಿದ್ದ ಪೆಟ್ಟು ತಂತಿಗೆ ತಲುಪುವುದು ತಿಂಗಳುಗಳ ಆಚೆ. ಇಂದು ಹಚ್ಚಿದ ಎಣ್ಣೆಯಿಂದ ನಾಳೆಯೇ ಫಲ ಕಾಣಲಿಲ್ಲವೆಂದು ಬಿಟ್ಟುಬಿಡಬೇಡಿ. ವಾರಕ್ಕೆ ಎರಡು ಸಲ ಉಜ್ಜಿದರೆ ಉದ್ದ ಒಂದೇ ಮಟ್ಟದಲ್ಲಿರುತ್ತದೆ, ಬೆರಳಿಗೂ ಪ್ರತಿ ವಾರ ಹೊಸ ಅಳತೆ ಕಲಿಯುವ ಕಷ್ಟವಿಲ್ಲ. ಕಛೇರಿ ಇದ್ದರೆ ಆಕಾರವನ್ನು ಎರಡು ದಿನ ಮೊದಲೇ ಮುಗಿಸಿ, ವೇದಿಕೆಗೆ ಹೋಗುವ ಮುನ್ನ 2000 ನಂಬರಿನ ಕಾಗದವಷ್ಟೇ ಮುಟ್ಟಲಿ. ನನ್ನ ಗಿಟಾರ್ ಪೆಟ್ಟಿಗೆಯ ಒಳಜೇಬಿನಲ್ಲಿ ಒಂದು ಹಳೆಯ ಕನ್ನಡಕದ ಡಬ್ಬಿ ಇದೆ. ಗಾಜಿನ ಅರ, ಮೂರು ತುಂಡು ಎಮರಿ ಕಾಗದ, ರೇಷ್ಮೆಯ ಚೂರು, ಗ್ಲೂ, ಅರ್ಧ ಚೆಂಡು, ಎಲ್ಲವೂ ಅದರಲ್ಲಿ. ಗ್ಲೂ ತಾನಾಗಿಯೇ ಒಣಗಿಹೋಗುತ್ತದೆ, ಮೂರು ತಿಂಗಳಿಗೊಮ್ಮೆ ಒತ್ತಿ ನೋಡಿ ಬದಲಿಸುತ್ತೇನೆ.