ಸಿಡ್ನಿಗೆ ಬಾಣಂತನಕ್ಕೆ ಹೊರಟ ಅಮ್ಮಂದಿರಿಗೆ: ಅಲ್ಲಿನ ದೇವರು, ಟಿವಿ, ಅಕ್ಕಪಕ್ಕದ ಜನ

ನಮ್ಮ ಕುವೆಂಪುನಗರದಿಂದ ಆಸ್ಟ್ರೇಲಿಯಾಕ್ಕೆ ಹೊರಡುವ ಅಮ್ಮಂದಿರು ನನ್ನ ಹತ್ತಿರ ಕೇಳುವುದು ವೀಸಾ, ಸ್ವೆಟರ್, ಸಾರಿನ ಪುಡಿ. ದೇವರ ವಿಷಯ ಯಾರೂ ಕೇಳುವುದಿಲ್ಲ. ಆದರೆ ಅಲ್ಲಿ ತಬ್ಬಿಬ್ಬಾಗುವುದು ಅದರಲ್ಲೇ.

ಮೊದಲು ಟಿವಿ. ಸಿಡ್ನಿಯಲ್ಲಿ ರಾತ್ರಿ 2 ಗಂಟೆಯಾದರೂ ಮೈಸೂರಿನಲ್ಲಿ ಒಂಬತ್ತೂವರೆಯೇ (ಅಲ್ಲಿನ ಬೇಸಿಗೆಯಲ್ಲಾದರೆ ಎಂಟೂವರೆ). ಹೋದ ಹೊಸದರಲ್ಲಿ ನಿದ್ದೆ ಹತ್ತುವುದಿಲ್ಲ. ಟಿವಿ ಹಾಕಿದರೆ ಬೆಳಗಿನ ಜಾವ ದೊಡ್ಡ ವೇದಿಕೆ, ಸೂಟು ಹಾಕಿದ ಕ್ರೈಸ್ತ ಬೋಧಕರು, ಅಳುವ ಜನ, ಕೆಳಗೆ ಫೋನ್ ನಂಬರ್. ಎಷ್ಟೋ ಕಾರ್ಯಕ್ರಮಗಳು ಅಮೆರಿಕದಿಂದ ಬಂದವು. ದುಡ್ಡು ಕೊಟ್ಟು ಕೊಂಡ ಸಮಯ ಅದು, ನಮ್ಮ ಚಾನೆಲ್‌ಗಳ ಬೆಳಗಿನ ಜ್ಯೋತಿಷ್ಯದ ಹಾಗೆ. ಅದನ್ನು ನೋಡಿ ಆ ದೇಶವನ್ನು ಅಳೆಯಬೇಡಿ.

1959ರಲ್ಲಿ ಅಮೆರಿಕದ ಕ್ರೈಸ್ತ ಬೋಧಕ ಬಿಲ್ಲಿ ಗ್ರಹಾಂ ಮಾತು ಕೇಳಲು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 1.3 ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು. ಆ ಕಾಲ ಹೋಯಿತು. 2021ರ ಜನಗಣತಿಯಲ್ಲಿ ಕ್ರೈಸ್ತರು ಅಂತ ಬರೆಸಿದವರು ಶೇ. 43.9, ಧರ್ಮವೇ ಇಲ್ಲ ಅಂದವರು ಶೇ. 38.9. ಆ ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತಲೂ ಇಲ್ಲ. ದೇವರನ್ನು ನಂಬುವುದಿಲ್ಲ ಎಂದ ಜೂಲಿಯಾ ಗಿಲ್ಲಾರ್ಡ್ ಅಲ್ಲಿ ಪ್ರಧಾನಿಯಾಗಿದ್ದರು. ಪೆಂಟೆಕೋಸ್ಟಲ್ ಎಂಬ, ಹಾಡು ಪ್ರಾರ್ಥನೆ ಜೋರಾಗಿರುವ ಕ್ರೈಸ್ತ ಪಂಗಡದ ಸ್ಕಾಟ್ ಮಾರಿಸನ್ ಕೂಡ ಆದರು.

ಅದಕ್ಕೇ ಪಕ್ಕದ ಮನೆಯವರನ್ನು "ನೀವು ಯಾವ ಚರ್ಚು?" ಅಂತ ಕೇಳಬೇಡಿ. ನಮ್ಮಲ್ಲಿ "ಮನೆದೇವರು ಯಾವುದು?" ಅಂದರೆ ಪ್ರೀತಿ, ಅಲ್ಲಿ ಇರುಸುಮುರುಸು. ಗಿಡ, ನಾಯಿ, ಮಳೆ, ಇದರ ಮಾತಾಡಿ. ಅವರಾಗಿ ಕೇಳಿದರೆ ಸಂಕೋಚ ಬೇಡ. ಮಗಳ ಪಕ್ಕದ ಮನೆಯ ಅಜ್ಜಿ ಒಂದಿನ ನಮ್ಮ ರಂಗೋಲಿ ಹತ್ತಿರ ಬಗ್ಗಿ ನಿಂತು, ಇದು ಯಾವ ಪುಡಿ ಅಂದರು. ಅಕ್ಕಿಹಿಟ್ಟು, ಇರುವೆಗೂ ಊಟ ಆಗುತ್ತೆ ಅಂದೆ. ಅವರಿಗೆ ಅದು ಬಹಳ ಹಿಡಿಸಿತು. ಆ ಅಜ್ಜಿ ಚರ್ಚಿಗೆ ಹೋಗುವವರಲ್ಲ. ಆದರೆ ಬಡವರಿಗೆ ನೆರವಾಗುವ ಸೇಂಟ್ ವಿನ್ಸೆಂಟ್ ಡಿ ಪಾಲ್ ಎಂಬ ಕ್ಯಾಥೊಲಿಕ್ ಸಂಸ್ಥೆಯ ಹಳೆ ಬಟ್ಟೆ ಅಂಗಡಿಯಲ್ಲಿ ಸಂಬಳ ಇಲ್ಲದೆ ದುಡಿಯುತ್ತಾರೆ; ಶರ್ಟಿನ ಗುಂಡಿ ನೋಡಿ, ಹರಿದಿದ್ದು ಬೇರೆ, ಒಳ್ಳೆಯದು ಬೇರೆ ಜೋಡಿಸುತ್ತಾರೆ. ಅದು ಚರ್ಚಿನವರದ್ದಲ್ವಾ ಅಂದೆ. ಹೌದು, ಅವರು ಕೆಲಸ ಮಾಡುತ್ತಾರೆ, ಭಾಷಣ ಮಾಡುವುದಿಲ್ಲ ಅಂದರು. ನಾನು ಕಂಡ ಆಸ್ಟ್ರೇಲಿಯಾದವರಲ್ಲಿ ಬಹುಪಾಲು ಜನರ ಮನಸ್ಸು ಇದೇ. ನನಗಂತೂ ಅವರ ಮೇಲೆ ಗೌರವ ಹೆಚ್ಚಾಯಿತು.

ಟಿವಿ ನೋಡಿ ಮನಸ್ಸು ಕರಗಿತು, ಕಾಣಿಕೆ ಕೊಡಬೇಕು ಅನಿಸಿತು ಅಂದುಕೊಳ್ಳಿ. ಆ ರಾತ್ರಿಯೇ ಫೋನ್ ಮಾಡಬೇಡಿ, ಕಾರ್ಡ್ ನಂಬರ್ ಹೇಳಬೇಡಿ. ಬೆಳಿಗ್ಗೆ ಮಗಳ ಕೈಲಿ ದಾನ ಪಡೆಯುವ ಸೇವಾ ಸಂಸ್ಥೆಗಳ ಮೇಲೆ ಕಣ್ಣಿಡುವ ಎಸಿಎನ್‌ಸಿ ಎಂಬ ಸರ್ಕಾರಿ ಆಯೋಗದ ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು ಹುಡುಕಿಸಿ. ಅಲ್ಲಿ ಹೆಸರಿದ್ದರೂ ಹಣದ ಲೆಕ್ಕ ಇದೆಯಾ ನೋಡಿ. ಕೆಲವು ಧಾರ್ಮಿಕ ಸಂಸ್ಥೆಗಳು ಲೆಕ್ಕ ಒಪ್ಪಿಸಬೇಕಿಲ್ಲ ಅಂತ ಕಾನೂನಿನಲ್ಲೇ ವಿನಾಯಿತಿ ಇದೆ. ಲೆಕ್ಕ ಕಾಣದಿದ್ದರೆ ಬಿಟ್ಟುಬಿಡಿ. ಆ ಅಜ್ಜಿಯಂಥವರ ಅಂಗಡಿಗೆ ಒಳ್ಳೆ ಬಟ್ಟೆ ಕೊಡಿ.

ಬಾಗಿಲು ತಟ್ಟಿ ಕರಪತ್ರ ಕೊಡುವವರು ಅಲ್ಲೂ ಉಂಟು. ನಗುತ್ತಾ "ನೋ, ಥ್ಯಾಂಕ್ಯೂ" ಅಂದರೆ ಸಾಕು, ವಾದಕ್ಕೆ ಇಳಿಯಬೇಡಿ.

ಇನ್ನೊಂದು. ಚರ್ಚಿಗೆ ಹೋಗದವರ ಊರಲ್ಲೂ ಗುಡ್‌ಫ್ರೈಡೇ ದಿನ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಹಾಲು, ಮೊಸರು, ಕೊತ್ತಂಬರಿ ಸೊಪ್ಪು ಗುರುವಾರವೇ ತರಿಸಿಟ್ಟುಕೊಳ್ಳಿ.