ಕೆನ್ನೆಗೆ ಬಿಸಿ ತಾಗಿತಾ? ಎಂಟು ಡಬ್ಬ ದೀಪದಲ್ಲಿ ಮಾಡಿದ ನಾಟಕ – ನನ್ನ ಅನುಭವ

ಮೊನ್ನೆ ನಮ್ಮ ನಾಟಕದ ಹನ್ನೊಂದನೇ ಪ್ರದರ್ಶನ ಮುಗಿಯಿತು. ಹನ್ನೊಂದಕ್ಕೂ ಸೇರಿ ಬಾಡಿಗೆ ಲೈಟಿಗೆ ನಾವು ಕೊಟ್ಟ ದುಡ್ಡು ಸೊನ್ನೆ. ಖಾಲಿ ಎಣ್ಣೆ ಡಬ್ಬದೊಳಗೆ ಬಲ್ಬು ಕೂರಿಸಿ ನಾವೇ ಮಾಡಿಕೊಂಡ ದೀಪದಲ್ಲೇ ಎಲ್ಲ. "ಎಣ್ಣೆ ಡಬ್ಬ ಕಟ್ಟಿಕೊಂಡು ನಾಟಕ ಮಾಡ್ತೀರೇನೋ?" ಎಂದು ನಕ್ಕ ಹಿರಿಯರೊಬ್ಬರು ಆರನೇ ಪ್ರದರ್ಶನಕ್ಕೆ ಬಂದಿದ್ದರು. ಮುಗಿದ ಮೇಲೆ ವಿಂಗ್ (ರಂಗದ ಪಕ್ಕದ ಮರೆ) ಹಿಂದೆ ಬಂದು ಡಬ್ಬಗಳನ್ನು ಮುಟ್ಟಿ ನೋಡಿ, ಬೆರಳು ಸುಟ್ಟುಕೊಂಡು ಹೋದರು. ಆವತ್ತೇ ಇದನ್ನು ಬರೆಯಬೇಕು ಅಂದುಕೊಂಡೆ.

ನನ್ನದು ವೈರಿಂಗ್ ಕೆಲಸ. ಸಾಗರದ ಸುತ್ತಮುತ್ತ ಮನೆ, ಅಡಿಕೆ ಸುಲಿಯುವ ಮಿಷನ್ನು, ತೋಟದ ಮೋಟಾರು. ರಾತ್ರಿ ನಾಟಕ. ನಮ್ಮ ಕಡೆ ನಾಟಕ ಮಾಡುವುದು ಸುಲಭ ಅಲ್ಲ. ಹೆಗ್ಗೋಡು ಪಕ್ಕದಲ್ಲೇ ಇದೆ. ಅಲ್ಲಿನ ನಾಟಕ ಸಂಸ್ಥೆ ನೀನಾಸಂ, ಊರೂರಿಗೆ ನಾಟಕ ಒಯ್ಯುವ ತಿರುಗಾಟ ಶುರು ಮಾಡಿದ್ದು 1985ರಲ್ಲಿ. ಅಂದರೆ ಇಲ್ಲಿನ ಜನ ನಲವತ್ತು ವರ್ಷದಿಂದ ಒಳ್ಳೆ ಬೆಳಕು ನೋಡುತ್ತಾ ಬಂದಿದ್ದಾರೆ. ಪ್ರದರ್ಶನ ಮುಗಿದ ಮೇಲೆ ಕಾಫಿ ಕುಡಿಯುತ್ತಾ "ಎರಡನೇ ದೃಶ್ಯದಲ್ಲಿ ಫ್ರಂಟ್ ಲೈಟ್ ಜಾಸ್ತಿ ಆಯ್ತಲ್ಲ ಮಾರಾಯ" ಎಂದು ತೋಟದ ಮನೆಯವರೇ ಹೇಳುತ್ತಾರೆ.

ಈ ದಾರಿಗೆ ಬಂದಿದ್ದು ಮೂರು ವರ್ಷದ ಹಿಂದಿನ ಒಂದು ಅವಮಾನದಿಂದ. ಆಗ ಎಲ್ಲರ ಹಾಗೇ ಮಾಡಿದ್ದೆವು. ಎರಡು ತಿಂಗಳು ರಿಹರ್ಸಲ್, ಕೊನೇ ವಾರ ಬಟ್ಟೆ, ಪ್ರದರ್ಶನದ ದಿನ ಬೆಳಿಗ್ಗೆ ಬಾಡಿಗೆ ಲೈಟು. ಹತ್ತು ಗಂಟೆಗೆ ಬರಬೇಕಾದ ಗಾಡಿ ಮೂರೂವರೆಗೆ ಬಂತು. ಇಪ್ಪತ್ತು ಪಾರ್ ಲೈಟು ಅಂದವರು ಹದಿನಾಲ್ಕು ಇಳಿಸಿದರು. ಅದರಲ್ಲಿ ಎರಡಕ್ಕೆ ಬಲ್ಬೇ ಇರಲಿಲ್ಲ. ಅದೂ ಹೋಗಲಿ. ಮದುಮಗಳ ಸೀರೆಗೆ ನಮ್ಮ ಅಕ್ಕ ಅಡಿಕೆ ಚೊಗರಿನ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ಬಣ್ಣ ಹಾಕಿದ್ದರು. ಹಗಲಲ್ಲಿ ಒಳ್ಳೆ ಇಟ್ಟಿಗೆ ಕೆಂಪು. ರಾತ್ರಿ ದೃಶ್ಯಕ್ಕೆ ನಾನು ನೀಲಿ ಬೆಳಕು ಹಾಕಿದೆ. ಸೀರೆ ಪೂರ್ತಿ ಕಪ್ಪು. ಮುಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ "ಅಮ್ಮಾ, ದೆವ್ವ" ಎಂದ. ಸಭೆಯೆಲ್ಲ ನಕ್ಕಿತು. ಅದು ಅಳಬೇಕಾದ ಜಾಗ.

ತಪ್ಪು ಅಕ್ಕನದೂ ಅಲ್ಲ, ನನ್ನದೂ ಅಲ್ಲ. ಅವರು ಸೀರೆ ತಂದಿದ್ದು, ನಾನು ಲೈಟು ಕಂಡಿದ್ದು, ಎರಡೂ ಆವತ್ತೇ. ಖರ್ಚು ಸುಮಾರು 92 ಸಾವಿರ. ಪ್ರದರ್ಶನ ಎರಡು. ಸಾಲ ತೀರಲು ಒಂದೂವರೆ ವರ್ಷ ಹಿಡಿಯಿತು.

ಈ ಸಲ ಐದು ಜನ ಕೂತು ಒಂದು ಮಾತು ಮಾಡಿಕೊಂಡೆವು. ನಾಟಕ ಬರೆದ ಮೇಷ್ಟ್ರು, ನಿರ್ದೇಶನ ಮಾಡುವ ನಮ್ಮ ಮೇಡಂ (ಸೊಸೈಟಿಯಲ್ಲಿ ಗುಮಾಸ್ತೆ), ಬಟ್ಟೆಯ ಅಕ್ಕ, ಸೆಟ್ಟಿನ ಆಚಾರ್ರು ಮತ್ತು ನಾನು. ಮೊದಲ ಓದಿನ ದಿನದಿಂದ ಐದೂ ಜನ ದಿನಾ ಬರಬೇಕು. ಬರುವಾಗ ಅವರವರ ಸಾಮಾನು ಜೊತೆಗಿರಬೇಕು. ಅಂದರೆ ಮೊದಲ ದಿನದಿಂದಲೇ ಬೆಳಕು ಇರಬೇಕು. "ಲೈಟಿನವನಿಗೆ ರಿಹರ್ಸಲ್‌ನಲ್ಲಿ ಏನು ಕೆಲಸ, ಬೀಡಿ ಸೇದೋದಾ?" ಎಂದು ಕೇಳಿದವರು ಇದ್ದಾರೆ. ಆದರೆ ಎರಡು ತಿಂಗಳು ಲೈಟು ಬಾಡಿಗೆಗೆ ತರಲು ಯಾರಿಂದ ಸಾಧ್ಯ? ಅದಕ್ಕೇ ಡಬ್ಬ.

ಡಬ್ಬದ ಕಥೆ ಸ್ವಲ್ಪ ಉದ್ದ ಇದೆ. ಹೋಟೆಲಿನಿಂದ 15 ಕೆಜಿ ಎಣ್ಣೆ ಡಬ್ಬ ತಂದೆ, ಒಂದಕ್ಕೆ ಮೂವತ್ತು ರೂಪಾಯಿ. ಮೊದಲು ಹಾಕಿದ್ದು 500 ವ್ಯಾಟ್ ಹ್ಯಾಲೋಜನ್. ಹತ್ತೇ ನಿಮಿಷದಲ್ಲಿ ಜೆಲ್ ಪೇಪರ್ (ಬೆಳಕಿಗೆ ಬಣ್ಣ ಕೊಡುವ ಹಾಳೆ) ನಡುವೆ ತೂತು. ಡಬ್ಬದ ಬಣ್ಣ ಸುಟ್ಟು ನಾವು ರಿಹರ್ಸಲ್ ಮಾಡುತ್ತಿದ್ದ ಗೋಡೌನ್ ತುಂಬಾ ಹೊಗೆ, ನಟರೆಲ್ಲ ಕೆಮ್ಮುತ್ತಾ ಹೊರಗೆ. ಆಮೇಲೆ ಎಲ್ಇಡಿ ಫ್ಲಡ್ ತಂದೆ. ತಣ್ಣಗೇನೋ ಇತ್ತು, ಆದರೆ ಡಿಮ್ ಮಾಡಲು ಹೋದರೆ ಪಟಪಟ ಮಿನುಗಿ ಒಮ್ಮೆಲೇ ಆರುತ್ತದೆ. ಎರಡು ಸಾವಿರ ನೀರಿಗೆ ಹೋಯಿತು. ಆ ಫ್ಲಡ್ ಈಗ ನಮ್ಮ ಮನೆ ಅಂಗಳದಲ್ಲಿದೆ.

ಕೊನೆಗೆ ನಿಂತಿದ್ದು ಹಳೇ 200 ವ್ಯಾಟ್ ತಂತಿ ಬಲ್ಬಿಗೆ. ಈಗ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಕೋಳಿ ಫಾರಂನವರು ಮರಿಗಳ ಶಾಖಕ್ಕೆ ಬಲ್ಬು ತರಿಸುತ್ತಾರೆ, ಅವರ ಜೊತೆ ನಮ್ಮದೂ ಒಂದು ಡಜನ್ ಬಂತು. ಮೊದಲು ಡಿಮ್ಮರಿಗೆ ಫ್ಯಾನ್ ರೆಗ್ಯುಲೇಟರ್ ಹಾಕಿದ್ದೆ. ವೈರ್‌ಮನ್ ಆಗಿ ಹೇಳಲು ನಾಚಿಕೆ, ಎರಡು ಸುಟ್ಟುಹೋದವು. ಆಮೇಲೆ ಆನ್‌ಲೈನ್‌ನಲ್ಲಿ ಸಿಗುವ ಎಸ್‌ಸಿಆರ್ ಬೋರ್ಡ್ (ಬೆಳಕು ಏರಿಸಿ ಇಳಿಸುವ ಸಣ್ಣ ಸರ್ಕ್ಯೂಟ್) ತರಿಸಿದೆ. ಮೇಲೆ 2000 ವ್ಯಾಟ್ ಎಂದು ಬರೆದಿರುತ್ತಾರೆ. ನಂಬಬೇಡಿ. 500ರ ಮೇಲೆ ನಾನು ಎಳೆಯುವುದಿಲ್ಲ. ಒಂದಕ್ಕೆ ಮುನ್ನೂರರ ಆಸುಪಾಸು. ಬೋರ್ಡು ಬರಿಮೈಯಲ್ಲಿ ಬರುತ್ತದೆ, ಮೇನ್ಸ್ ಕರೆಂಟು. ಮರದ ಪೆಟ್ಟಿಗೆಗೆ ಹಾಕಿ, ನಾಬ್ ಮಾತ್ರ ಹೊರಗೆ ಬಿಟ್ಟು, ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು) ಕೊಟ್ಟು ಆಮೇಲೆ ಮುಟ್ಟಿ. ಪೆಟ್ಟಿಗೆ ಮಾಡುವ ಮೊದಲೇ ಮುಟ್ಟಿ, ಶಾಕ್ ಹೊಡೆದು ನಾನೊಮ್ಮೆ ಕೂತಲ್ಲೇ ಕೂತಿದ್ದೆ.

ಎಂಟು ಡಬ್ಬ ಅಂದರೆ 1600 ವ್ಯಾಟ್, ಏಳು ಆಂಪಿಯರ್. ಶಾಲೆಯ ಒಂದು 15 ಆಂಪಿಯರ್ ಸಾಕೆಟ್ ಸಾಕು. ತ್ರೀ ಫೇಸ್ ಬೇಡ, ಜನರೇಟರ್ ಬೇಡ, ಕಂಬ ಹತ್ತುವುದು ಬೇಡ. ಎಲ್ಲ ಸಾಮಾನು ಒಂದೇ ಓಮ್ನಿಯಲ್ಲಿ ಹಿಡಿಯುತ್ತದೆ.

ಒಂದು ತಲೆನೋವು ಉಳಿದಿತ್ತು. ಅರ್ಧಕ್ಕೆ ಇಳಿಸಿದರೆ ಬಲ್ಬೇ ಗುಂಯ್ ಎನ್ನುತ್ತದೆ. ಅದೇ ಲೈನಿನಲ್ಲಿ ಮೈಕ್ ಇದ್ದರೆ ಸ್ಪೀಕರ್ ತುಂಬಾ ಅದೇ ಸದ್ದು. ಮೂರು ರಾತ್ರಿ ಒದ್ದಾಡಿದೆ. ನಾಲ್ಕನೇ ದಿನ ಮೇಡಂ ಹೇಳಿದರು: "ಮೈಕೇ ಬೇಡ ಬಿಡಿ. ಇನ್ನೂರು ಜನಕ್ಕೆ ಕೇಳಿಸೋ ಹಾಗೆ ಮಾತಾಡೋಕೆ ಬರದಿದ್ರೆ ಇವರೆಲ್ಲ ಯಾಕೆ ಬರ್ತಾರೆ?" ಮೈಕ್ ಹೋದ ಮೇಲೆ ಪೆನ್‌ಡ್ರೈವ್ ಸಂಗೀತವೂ ಹೋಯಿತು. ಒಂದು ಹಾರ್ಮೋನಿಯಂ, ಒಂದು ಢಕ್ಕೆ, ವಿಂಗಿನಲ್ಲಿ ಖಾಲಿ ಇದ್ದ ನಟರ ಗಂಟಲು. ನಾಟಕದ ಸಂಗೀತ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಅದು ಹುಟ್ಟಿದ್ದು ನನ್ನ ಕೆಟ್ಟ ಡಿಮ್ಮರಿನಿಂದ.

ಮೇಷ್ಟ್ರು ಬರೆದದ್ದು ಮುಳುಗಡೆಯ ಕಥೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ನಮ್ಮಲ್ಲಿ ಅರ್ಧ ಜನರ ಅಜ್ಜನ ಮನೆ ಆ ನೀರಿನ ಕೆಳಗಿದೆ. ನಾಟಕದಲ್ಲಿ ಒಬ್ಬ ಅಜ್ಜಿ ಊರು ಬಿಡುವ ಹಿಂದಿನ ರಾತ್ರಿ. ಅಷ್ಟೇ, ಒಂದು ಗಂಟೆ ಹತ್ತು ನಿಮಿಷ. ಆಚಾರ್ರು ಮೊದಲು ಇಡೀ ಮನೆ ಕಟ್ಟಲು ಹೊರಟಿದ್ದರು. ಅಡಿಕೆ ದಬ್ಬೆಯ ಗೋಡೆ, ಸೋಗೆಯ ಸೂರು. ದಬ್ಬೆಗೆ ಒರಲೆ (ಗೆದ್ದಲು) ಹಿಡಿಯಿತು, ಸೋಗೆ ನನ್ನ ಡಬ್ಬದ ಹತ್ತಿರ ಬಂದಾಗ ನನಗೇ ಎದೆ ಹೊಡೆದುಕೊಂಡಿತು. ನಾಲ್ಕು ಸಾವಿರದಷ್ಟು ಕೆಲಸ ಬಿಚ್ಚಿ ಹಾಕಿದೆವು. ಆಗ ಮೇಷ್ಟ್ರು, "ಬಿಟ್ಟು ಹೋಗುವವರು ಬಾಗಿಲವಾಡ ಕಿತ್ತುಕೊಂಡು ಹೋಗ್ತಿದ್ರಲ್ಲ ಆಚಾರ್ರೇ" ಎಂದರು. ಆಚಾರ್ರು ಏನೂ ಮಾತಾಡಲಿಲ್ಲ. ಮಾರನೇ ದಿನ ಅವರ ಕೊಟ್ಟಿಗೆಯ ಅಟ್ಟದಲ್ಲಿದ್ದ ಹಳೇ ಬಾಗಿಲವಾಡ (ಬಾಗಿಲ ಚೌಕಟ್ಟು) ಹೊತ್ತು ತಂದರು. ಅವರ ಅಪ್ಪ ಆ ಕಡೆಯಿಂದ ಎತ್ತಿನ ಗಾಡಿಯಲ್ಲಿ ತಂದದ್ದಂತೆ. ಸೆಟ್ಟು ಅಂದರೆ ಅದೊಂದೇ. ಹಿಂದಿನಿಂದ ಒಂದು ಡಬ್ಬ ಹೊತ್ತಿಸಿದರೆ ಅದರ ನೆರಳು ಸಭೆಯ ಮೊದಲ ಸಾಲಿನ ಕಾಲಿನವರೆಗೂ ಬರುತ್ತದೆ.

ಬಟ್ಟೆಗೆ ಈ ಸಲವೂ ಚೊಗರು. ಭೀಮನಕೋಣೆಯ ಕೈಮಗ್ಗದ ಸಹಕಾರ ಸಂಘ ಚರಕದವರಿಂದಾಗಿ ಚೊಗರಿನ ಬಣ್ಣದ ಬಟ್ಟೆ ನಮ್ಮ ಕಡೆ ಹೊಸದೇನಲ್ಲ. ಆದರೆ ದಿನಾ ಡಬ್ಬದ ಎದುರು ತುಂಡು ಹಿಡಿದು ನೋಡುತ್ತಾ ಅಕ್ಕ ಹಾಕಿದ ಬಣ್ಣ ಹೊಸದು. ಒಂದು ದಿನ ತಾಮ್ರದ ಹಂಡೆ ಬಿಡುವಿರಲಿಲ್ಲ, ಕಬ್ಬಿಣದ ಬಾಣಲೆಯಲ್ಲಿ ಕುದಿಸಿಬಿಟ್ಟರು. ಕೆಂಪು ಹೋಗಿ ಬೂದಿ ಬಣ್ಣ ಬಂತು. ಅಕ್ಕ ಬೈದುಕೊಳ್ಳುತ್ತಾ ಎಸೆಯಲು ಹೊರಟಿದ್ದರು. "ತಡೀರಿ ಅಕ್ಕ" ಎಂದು ನೀಲಿ ಹಾಕಿದೆ. ಬೂದಿ ಸೀರೆ ಬೆಳ್ಳಗೆ ಎದ್ದು ನಿಂತಿತು. ಅಂಬರ್ (ಕಿತ್ತಳೆ ಹಳದಿ) ಹಾಕಿದರೆ ಅದೇ ಸೀರೆ ಒಲೆಯ ಮುಂದಿನ ಬಣ್ಣ. ಅಜ್ಜಿಯ ಸೀರೆ ಆವತ್ತೇ ಸಿಕ್ಕಿತು. ಬಣ್ಣ ತೊಳೆದರೆ ಹೋಗದ ಹಾಗೆ ಅಕ್ಕ ಮೊದಲು ಬಟ್ಟೆಯನ್ನು ಯಾವುದರಲ್ಲಿ ನೆನೆಸುತ್ತಾರೆ ಎಂದು ಕೇಳಬೇಡಿ. ನನಗೂ ಹೇಳಿಲ್ಲ. ನೀಲಿ ಜೆಲ್ ಇಲ್ಲದೆ ಬೆಳದಿಂಗಳು ತರುವ ನನ್ನ ಉಪಾಯವನ್ನೂ ನಾನು ಅವರಿಗೆ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಬಂದು ನೋಡಿ.

ನಡುವೆ ಪೆಟ್ರೋಮ್ಯಾಕ್ಸ್ ಹುಚ್ಚು ಹಿಡಿದಿತ್ತು. ಕರೆಂಟ್ ಹೋದರೆ ಅಂತ. ಬೆಳಕು ಚೆಂದ, ಆದರೆ ಆ ಸುಂಯ್ ಸದ್ದಿನಲ್ಲಿ ಅಜ್ಜಿಯ ಪಿಸುಮಾತು ಮುಳುಗಿತು. ಎರಡು ದಿನಕ್ಕೆ ಬಿಟ್ಟೆವು. ನಾಲ್ಕನೇ ಪ್ರದರ್ಶನದಲ್ಲಿ ಕರೆಂಟ್ ಹೋಗಲಿಲ್ಲ, ವೋಲ್ಟೇಜ್ 180ಕ್ಕೆ ಇಳಿಯಿತು. ಡಬ್ಬಗಳೆಲ್ಲ ಕೆಂಡದ ಬಣ್ಣ. ನಾನು ಬೆವರುತ್ತಿದ್ದೆ. ಮುಗಿದ ಮೇಲೆ ಒಬ್ಬರು ಕೈ ಕುಲುಕಿ "ಇವತ್ತಿನ ಲೈಟಿಂಗ್ ಬೇರೆಯೇ ಲೆವೆಲ್" ಎಂದರು. ಥ್ಯಾಂಕ್ಸ್ ಹೇಳಿದೆ.

ಲೆಕ್ಕ ಕೇಳುವವರಿಗೆ, ನೆನಪಿನಿಂದ ಹೇಳುತ್ತೇನೆ: ಲೈಟು, ವೈರು, ಸುಟ್ಟದ್ದು ಎಲ್ಲ ಸೇರಿ ಒಂಬತ್ತು ಸಾವಿರ. ಬಿಚ್ಚಿ ಹಾಕಿದ ಸೆಟ್ಟು ನಾಲ್ಕು ಸಾವಿರ. ಬಟ್ಟೆ ಐದರೊಳಗೆ. ಬ್ಯಾನರ್, ಕರಪತ್ರ ಎರಡು. ಎಲ್ಲಕ್ಕಿಂತ ದೊಡ್ಡ ಖರ್ಚು ಅವಲಕ್ಕಿ ಮತ್ತು ಚಹಾ. ಅಡಿಕೆ ಕೊಯ್ಲು ಮುಗಿದ ಮೇಲೆ ಶುರು ಮಾಡಿ ಅರವತ್ತು ದಿನ, ದಿನಕ್ಕೆ 250, ಹದಿನೈದು ಸಾವಿರ. ಒಟ್ಟು ಮೂವತ್ತೈದು. ಟಿಕೆಟ್ ಇಡಲಿಲ್ಲ, ಬಾಗಿಲಲ್ಲಿ ಒಂದು ಹುಂಡಿ. ಮೊದಲ ಪ್ರದರ್ಶನಕ್ಕೆ ಇನ್ನೂರು ಜನ, ಹುಂಡಿಯಲ್ಲಿ ಹನ್ನೊಂದು ಸಾವಿರ ಚಿಲ್ಲರೆ. ಐದನೇ ಪ್ರದರ್ಶನಕ್ಕೆ ಖರ್ಚು ಎದ್ದಿತು. ಆಮೇಲೆ ಬಂದಿದ್ದನ್ನು ನಟರಿಗೆ ಹಂಚಿದೆವು, ಒಬ್ಬೊಬ್ಬರಿಗೆ ಸಾವಿರದ ಚೂರುಪಾರು. ಇಷ್ಟು ವರ್ಷದಲ್ಲಿ ನಾಟಕದಿಂದ ದುಡ್ಡು ಮನೆಗೆ ಬಂದದ್ದು ಇದೇ ಮೊದಲು ಎಂದು ನನ್ನ ಹೆಂಡತಿ ಆ ನೋಟನ್ನು ದೇವರ ಮುಂದೆ ಇಟ್ಟಿದ್ದಳು.

ಅಜ್ಜಿಯ ಪಾತ್ರದವರು ಅಂಗನವಾಡಿ ಟೀಚರ್, ಹೊಸಬರು. ಅವರಿಗೆ ಬೆಳಕಿನಲ್ಲಿ ನಿಲ್ಲಲು ಬರುತ್ತಿರಲಿಲ್ಲ. ನೆಲಕ್ಕೆ ಸುಣ್ಣದ ಗುರುತು ಹಾಕಿದರೆ ನೆಲ ನೋಡುತ್ತಾ ನಡೆಯುತ್ತಿದ್ದರು. ಒಂದು ದಿನ ನಾನೇ ಹೇಳಿದೆ, "ಟೀಚರೇ, ಕಣ್ಣು ಮುಚ್ಚಿ ನಡೀರಿ. ಕೆನ್ನೆಗೆ ಬಿಸಿ ತಾಗಿದಲ್ಲಿ ನಿಲ್ಲಿ." ನಡೆದರು, ನಿಂತರು. ಸರಿಯಾಗಿ ಬೆಳಕಿನ ನಡುವೆ. ಆಮೇಲೆ ಎಲ್ಲ ನಟರೂ ಹಾಗೇ ಕಲಿತರು. ರಿಹರ್ಸಲ್‌ನಲ್ಲಿ ಯಾರಾದರೂ ಕತ್ತಲಲ್ಲಿ ನಿಂತರೆ ಉಳಿದವರು "ಬಿಸಿ ತಾಗಿತಾ?" ಎಂದು ಕೂಗುತ್ತಿದ್ದರು.

ಒಂಬತ್ತನೇ ಪ್ರದರ್ಶನ ಒಂದು ದೊಡ್ಡ ರಂಗಮಂದಿರದಲ್ಲಿ. ಅಲ್ಲಿ ಎಲ್ಲ ಎಲ್ಇಡಿ ಪಾರ್, ಎಲ್ಲ ಲೈಟು ಒಂದೇ ಕಡೆಯಿಂದ ಆಡಿಸುವ ಡಿಎಂಎಕ್ಸ್ ಬೋರ್ಡು, ಬೇಕಾದ ಬಣ್ಣ. ಬಾಡಿಗೆ ಇಲ್ಲ, ಬಳಸಿಕೊಳ್ಳಿ ಎಂದರು. ನನಗೂ ಆಸೆ ಆಯಿತು. ಮಧ್ಯಾಹ್ನ ಒಂದು ರನ್ ಮಾಡಿದೆವು. ಬಾಗಿಲವಾಡದ ದೃಶ್ಯದಲ್ಲಿ ಟೀಚರ್ ಬಂದು ನಿಂತರು, ಬೆಳಕಿನಿಂದ ಒಂದು ಮಾರು ಆಚೆ. ಮತ್ತೆ ಮಾಡಿಸಿದೆವು. ಮತ್ತೆ ಆಚೆ. "ಬಿಸಿಯೇ ಇಲ್ವಲ್ಲ ಅಣ್ಣಾ, ಎಲ್ಲಿ ಅಂತ ನಿಲ್ಲಲಿ?" ಎಂದರು.

ನಾನು ಹೊರಗೆ ಹೋಗಿ ಓಮ್ನಿಯಿಂದ ಡಬ್ಬ ಇಳಿಸಿದೆ.