ಹೈಡ್ರಾಲಿಕ್ ಪ್ರೆಸ್ ಒತ್ತಡ ಹಿಡಿಯದಿದ್ದಾಗ

20 ಟನ್ ಪ್ರೆಸ್‌ನ ಹ್ಯಾಂಡಲ್ ಎಷ್ಟು ಆಡಿಸಿದರೂ ಮೆತ್ತಗೇ ಇತ್ತು, ಬೇರಿಂಗ್ ಮಿಸುಕಲಿಲ್ಲ. ಸಾಗಣೆಯಲ್ಲಿ ಬಾಟಲ್ ಜ್ಯಾಕ್ (ಪ್ರೆಸ್ಸಿಗೆ ಬಲ ಕೊಡುವ ಬಾಟಲಿಯಾಕಾರದ ಆಯಿಲ್ ಜ್ಯಾಕ್) ಮಲಗಿಸಿದ್ದರಿಂದ ಪಂಪಿನೊಳಗೆ ಗಾಳಿ ಸೇರಿತ್ತು. ಒತ್ತಡ ಬಿಡುವ ರಿಲೀಸ್ ವಾಲ್ವ್ ಸಡಿಲಿಸಿ ಹ್ಯಾಂಡಲನ್ನು 10–15 ಸಲ ಬೇಗಬೇಗ ಆಡಿಸಿದೆ. ಆಮೇಲೆ ಒತ್ತುವ ದಂಡ, ಅಂದರೆ ರ್‍ಯಾಮ್ ಪೂರ್ತಿ ಇಳಿಸಿ, ಜ್ಯಾಕ್ ನೆಟ್ಟಗಿಟ್ಟು, ರಬ್ಬರ್ ಬಿರಡೆ ತೆಗೆದು, ತೂತಿನ ಕೆಳ ಅಂಚಿನವರೆಗೆ ಹೈಡ್ರಾಲಿಕ್ ಆಯಿಲ್ ತುಂಬಿದೆ. ವಾಲ್ವ್ ಬಿಗಿದಾಗ ಒತ್ತಡ ಹಿಡಿದು ನಿಂತಿತು. ಬ್ರೇಕ್ ಆಯಿಲ್ ಬೇಡವೇ ಬೇಡ, ಸೀಲು ಉಬ್ಬಿ ಹಾಳಾಗುತ್ತದೆ.

ಚಕ್ರದ ನಡುಭಾಗವಾದ ಹಬ್‌ಗೆ ಹೊಸ ಬೇರಿಂಗ್ ಕೂರಿಸುವಾಗ ಹೊರ ರಿಂಗನ್ನೇ ಒತ್ತಿ. ಒಳ ರಿಂಗ್ ಒತ್ತಿದರೆ ಗುಂಡುಗಳು ಓಡುವ ಹಾದಿಯಲ್ಲಿ ಸಣ್ಣ ಹಳ್ಳ ಬಿದ್ದು, ಗಾಡಿ ಓಡುವಾಗ ಗುಂಯ್ ಎನ್ನುತ್ತದೆ. ಪ್ರೆಸ್ ಕೊಳ್ಳುವಾಗ, ಒತ್ತುವ ವಸ್ತುವಿನಡಿ ಇಡುವ ಪ್ಲೇಟುಗಳನ್ನು ನೋಡಿ: ಎರಕದ ಕಬ್ಬಿಣದ್ದು ಭಾರಕ್ಕೆ ಒಡೆದು ಸಿಡಿಯುತ್ತದೆ, ಉಕ್ಕಿನದೇ ಇರಲಿ. ಬೆಡ್ಡನ್ನು (ಪ್ಲೇಟು ಕೂರುವ ಅಡ್ಡಪಟ್ಟಿ) ಹಿಡಿದಿಡುವ ಪಿನ್ನುಗಳು ಚೌಕಟ್ಟಿನ ಎರಡೂ ಬದಿ ಪೂರ್ತಿ ದಾಟಿರಬೇಕು. ಮುಖಕ್ಕೆ ಶೀಲ್ಡ್ ಹಾಕಿ, ಪಕ್ಕಕ್ಕೆ ನಿಂತು ಪಂಪ್ ಮಾಡಿ.